ಕೂಪಿನ ಕಾಲದ ಸಾಮಾನುಗಳೆಲ್ಲ ಎಲ್ಲಿ ಹೋದವು?

ಕಾಡು ಕಡಿದ ಇತಿಹಾಸವನ್ನು ಮ್ಯೂಸಿಯಂನಲ್ಲಿ ಕೂಡಿಡಬೇಕೇ ಎಂಬ ಮಾತು ಬಂದಾಗಲೆಲ್ಲ ಜಗಳ ಬೇರೆ ಕಡೆಗೇ ಹೊರಳುತ್ತದೆ. ಕಡಿದದ್ದನ್ನು ಮೆರೆಸುವುದೇಕೆ ಎಂದು ಕೆಲವರು ಕೇಳುತ್ತಾರೆ. ಅದೇ ದುಡಿಮೆಯಿಂದ ಊರುಗಳು ಎದ್ದವಲ್ಲ ಎಂದು ಮತ್ತೆ ಕೆಲವರು ಹೇಳುತ್ತಾರೆ. ಅಷ್ಟರಲ್ಲಿ ಕೂಪಿನ, ಅಂದರೆ ಮರ ಕಡಿಯಲು ಗುರುತಿಸಿದ ಕಾಡಿನ, ಗರಗಸ ಗುಜರಿಗೆ ಹೋಗಿರುತ್ತದೆ.

ದಕ್ಷಿಣದಲ್ಲಿ ಇದಕ್ಕೆ ಮ್ಯೂಸಿಯಂಗಳೇ ಇಲ್ಲವೆಂದಲ್ಲ. ಕೊಯಮತ್ತೂರಿನ ಗ್ಯಾಸ್ ಅರಣ್ಯ ಮ್ಯೂಸಿಯಂ 1902ರಷ್ಟು ಹಳೆಯದು. ಕೇರಳ ಅರಣ್ಯ ಸಂಶೋಧನಾ ಸಂಸ್ಥೆ 1995ರಲ್ಲಿ ನಿಲಂಬೂರಿನಲ್ಲಿ ತೇಗಕ್ಕೆಂದೇ ಒಂದನ್ನು ತೆರೆಯಿತು. ಎರಡೂ ನೋಡಲೇಬೇಕಾದವು. ಆದರೆ ಅವು ಹುಟ್ಟಿದ್ದು ಅರಣ್ಯಶಾಸ್ತ್ರದ ಮನೆಯಲ್ಲಿ; ಹಾಗಾಗಿ ಅಲ್ಲಿ ಮರಕ್ಕೆ, ಮರ ನೆಟ್ಟವರಿಗೆ ಸಿಕ್ಕಷ್ಟು ಜಾಗ ಕಡಿದು ಎಳೆದವರಿಗೆ ಸಿಕ್ಕಿಲ್ಲ.

ನೆಟ್ಟವರ ಕಥೆ ದಾಖಲೆಯಲ್ಲಿ ಭದ್ರವಾಗಿದೆ. ಹಡಗುಗಳಿಗೆ ತೇಗ ಬೇಕೆಂದು 1806ರಲ್ಲಿ ಮಲಬಾರಿಗೆ ಕನ್ಸರ್ವೇಟರ್ ಎಂಬ ಅರಣ್ಯಾಧಿಕಾರಿ ಬಂದ, 1823ರಲ್ಲಿ ಆ ಹುದ್ದೆ ಹೋಯಿತು, 1840ರ ದಶಕದಲ್ಲಿ ಕಲೆಕ್ಟರ್ ಕನೋಲಿ ಮತ್ತು ಅವರ ಕೈಕೆಳಗಿನ ಅಧಿಕಾರಿ ಚಾತು ಮೇನನ್ ನಿಲಂಬೂರಿನಲ್ಲಿ ತೇಗ ನೆಡಿಸಿದರು, 1865 ಮತ್ತು 1878ರ ಕಾಯ್ದೆಗಳು ಕಾಡನ್ನು ಸರ್ಕಾರದ ಕೈಗೆ ಕೊಟ್ಟವು.

ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಆಡಳಿತ ಬದಲಾದರೂ ಸಾಗವಾನಿಯ (ತೇಗದ) ಬೇಡಿಕೆ ಬದಲಾಗಲಿಲ್ಲ. ದಾಂಡೇಲಿಗೆ ಅಳ್ನಾವರದಿಂದ ರೈಲು ಹಳಿ ಬಂದದ್ದೇ ನಾಟಾ, ಅಂದರೆ ಕಡಿದ ಮರ, ಸಾಗಿಸಲು. ಆಮೇಲೆ ಪ್ಲೈವುಡ್ ಬಂತು, 1950ರ ದಶಕದಲ್ಲಿ ಕಾಗದ ಕಾರ್ಖಾನೆ ಬಂತು, ಬಿದಿರು ಹೇರಲೂ ಲಾರಿಗಳು ಬಂದವು.

ಕೂಪು ಅಂದರೆ ಆ ವರ್ಷ ಕಡಿಯಲು ಗುರುತಿಸಿದ ಕಾಡಿನ ತುಂಡು. ಮೊದಲು ಮರಗಳಿಗೆ ಗುರುತು, ನಂಬರು. ಬಳಿಕ ಕೊಡಲಿ, ಇಬ್ಬರು ಎಳೆಯುವ ಗರಗಸ. ಬಿದ್ದ ಮರವನ್ನು ಅಳತೆಗೆ ತುಂಡರಿಸಿ, ಇಲಾಖೆಯ ಅಚ್ಚಿರುವ ಸುತ್ತಿಗೆಯಿಂದ ದಿಮ್ಮಿಯ ತುದಿಗೆ ಮುದ್ರೆ ಹೊಡೆಯುತ್ತಿದ್ದರು. ಆ ಮುದ್ರೆಯಿಲ್ಲದ ದಿಮ್ಮಿ ಕಳ್ಳಮಾಲು. ಸರಪಳಿ ಕಟ್ಟಲು ದಿಮ್ಮಿಯ ಒಂದು ತುದಿಯಲ್ಲಿ ತೂತು ಕೊರೆಯುವುದಿತ್ತು. ರಸ್ತೆ ಮುಟ್ಟದ ಇಳಿಜಾರಿನಿಂದ ಅದನ್ನು ಎಳೆದು ತರಲು ಆನೆಯೇ ಬೇಕು. ಕೊಡಗಿನ ದುಬಾರೆಯನ್ನು ಈಗ ದಸರಾ ಆನೆಗಳಿಂದ ಗುರುತಿಸುತ್ತೇವೆ. ಹಿಂದೆ ಅಲ್ಲಿನ ಆನೆಗಳ ಕೆಲಸ ನಾಟಾ ಎಳೆಯುವುದೇ ಆಗಿತ್ತು. ಎಷ್ಟು ಭಾರ, ಯಾವ ಇಳಿಜಾರು, ಯಾವಾಗ ಆನೆ ಒಲ್ಲೆ ಎನ್ನುತ್ತದೆ ಎಂಬ ಲೆಕ್ಕ ಇದ್ದದ್ದು ಜೇನುಕುರುಬ ಮಾವುತರ ತಲೆಯಲ್ಲಿ. ದಾಂಡೇಲಿ, ಹಳಿಯಾಳ, ಯಲ್ಲಾಪುರದ ಕಡೆ ಕಾಡುಕೂಲಿಗೆ ಹೋದವರಲ್ಲಿ ಸಿದ್ದಿಗಳೂ ಇದ್ದರು. ಅರಣ್ಯ ಇಲಾಖೆಯ ಕಡಿತದ ಯೋಜನೆಗಳಾದ ವರ್ಕಿಂಗ್ ಪ್ಲಾನುಗಳಲ್ಲಿ ಘನ ಅಡಿಗಳಿವೆ, ಇಂಥವರ ಹೆಸರುಗಳಿಲ್ಲ. ಇದು ಮರೆವಿನಿಂದಾದದ್ದು ಎಂದು ನಂಬುವುದು ಕಷ್ಟ. ಬರೆಯುವ ಅಗತ್ಯವೇ ಯಾರಿಗೂ ಕಂಡಿರಲಿಲ್ಲ.

1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿ ಸುತ್ತಿನ ಜನ ಕಳಸೆ ಕಾಡಿಗೆ ನಡೆದು, ಕಡಿಯದಂತೆ ಮರಗಳನ್ನು ಅಪ್ಪಿಕೊಂಡರು; ಅದೇ ಅಪ್ಪಿಕೊ ಚಳವಳಿ. ಆ ದಶಕ ಮುಗಿಯುವ ಹೊತ್ತಿಗೆ ಘಟ್ಟದಲ್ಲಿ ಹಸಿಮರ ಕಡಿಯುವುದು ಬಹುಮಟ್ಟಿಗೆ ನಿಂತಿತು. 1988ರ ರಾಷ್ಟ್ರೀಯ ಅರಣ್ಯ ನೀತಿ, ಕಾಡು ಕಡಿತದ ಮೇಲಿನ ಗೋದಾವರ್ಮನ್ ಪ್ರಕರಣದಲ್ಲಿ 1996ರ ಸುಪ್ರೀಂ ಕೋರ್ಟ್ ಆದೇಶ ಉಳಿದದ್ದನ್ನು ಬಿಗಿ ಮಾಡಿದವು. ಕಾಡಿಗೆ ಒಳ್ಳೆಯದೇ ಆಯಿತು. ಕೂಪಿನ ಕೂಲಿ ಮಾತ್ರ ಎಲ್ಲೂ ಚರ್ಚೆಯಾಗದೆ ಮುಗಿಯಿತು, ಉಪಕರಣಗಳು ನಾಟಾ ಡಿಪೋದ ಮೂಲೆ ಸೇರಿದವು.

ಈಗ ಏನನ್ನು ಕೂಡಿಡಬೇಕು? ಮುದ್ರೆಯ ಸುತ್ತಿಗೆ, ಎಳೆಯುವ ಸರಪಳಿ, ಡಿಪೋ ರಿಜಿಸ್ಟರು, ಕೂಪಿನ ನಕ್ಷೆ, ಹರಾಜಿನ ಚೀಟಿ. ಇವು ಹುಡುಕಿದರೆ ಇನ್ನೂ ಸಿಗುತ್ತವೆ. ತುರ್ತು ಇರುವುದು ದುಡಿದವರ ನೆನಪಿನ ಮಾತಿನದು: 1970ರ ದಶಕದಲ್ಲಿ ಹರೆಯದಲ್ಲಿ ಗರಗಸ ಹಿಡಿದವರಿಗೆ ಈಗ ಎಪ್ಪತ್ತರ ಆಸುಪಾಸು. ಅವರನ್ನು ಕೂರಿಸಿ ರೆಕಾರ್ಡ್ ಮಾಡಲು ಮ್ಯೂಸಿಯಂ ಕಟ್ಟಡ ಬೇಕಿಲ್ಲ, ಒಂದು ಫೋನು ಸಾಕು. ಕಟ್ಟಡ ಎದ್ದಮೇಲಿನ ಪ್ರಶ್ನೆ ಬೇರೆ. ಅಪ್ಪಿಕೊ ಚಳವಳಿಯ ಫೋಟೊ ಮತ್ತು ಗರಗಸ ಒಂದೇ ಕೋಣೆಯಲ್ಲಿ ಇರಬೇಕಾಗುತ್ತದೆ, ಏಕೆಂದರೆ ಮರ ಅಪ್ಪಿದವರೂ ಗರಗಸ ಎಳೆದವರೂ ಕೆಲವೊಮ್ಮೆ ಅಕ್ಕಪಕ್ಕದ ಊರಿನವರೇ.