ವಾರ್ಡಿನ ಪ್ರಶ್ನೆಯಿಂದ ಶುರುವಾಗಲಿ ವೆಬಿನಾರ್

ಹದಿನೇಳು ವರ್ಷದ ಹುಡುಗಿ ಗರ್ಭಿಣಿ. ಸ್ತ್ರೀರೋಗ ವಿಭಾಗದಲ್ಲಿ ಪರೀಕ್ಷೆ ಮುಗಿದ ಮೇಲೆ ವೈದ್ಯರು ಅವಳನ್ನೂ ಅವಳ ತಾಯಿಯನ್ನೂ ವೈದ್ಯಕೀಯ ಸಮಾಜ ಕಾರ್ಯಕರ್ತೆಯ ಕೊಠಡಿಗೆ ಕಳುಹಿಸುತ್ತಾರೆ. ಅಲ್ಲಿ ತಾಯಿ ಮೊದಲು ಕೇಳುವುದು ಮಗಳ ಆರೋಗ್ಯದ ವಿಚಾರವನ್ನಲ್ಲ. "ಮೇಡಂ, ಇದನ್ನು ಪೊಲೀಸರಿಗೆ ತಿಳಿಸುತ್ತೀರಾ? ಊರಿನವರಿಗೆ ಗೊತ್ತಾಗುತ್ತದೆಯೇ?" ನಮ್ಮ ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಯಾರಿಗೂ ಈ ಪ್ರಶ್ನೆ ಹೊಸದಲ್ಲ. ಆದರೆ ಸಿಗುವ ಉತ್ತರ, ಎದುರು ಕುಳಿತವರು ಎಂಎಸ್‌ಡಬ್ಲ್ಯು (ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿದ್ದು ಯಾವ ವರ್ಷ ಎಂಬುದನ್ನು ಅವಲಂಬಿಸಿರುತ್ತದೆ. ಹಾಗಾಗಬಾರದು, ಅದಕ್ಕಾಗಿ ನಮ್ಮ ವೃತ್ತಿಯವರ ಕಲಿಕೆ ಮುಂದುವರಿಯಬೇಕು, ಆ ಕಲಿಕೆಯ ವೆಬಿನಾರ್‌ಗಳ (ಆನ್‌ಲೈನ್ ಕಾರ್ಯಕ್ರಮಗಳ) ರೂಪ ಬದಲಾಗಬೇಕು ಎಂಬುದೇ ಈ ಅಂಕಣ ಬರೆಯಲು ಕಾರಣ.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಮಗುವಿನ (18 ವರ್ಷದೊಳಗಿನವರ) ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ಮಾಹಿತಿ ಕೊಡಲೇಬೇಕು. ಹತ್ತು ವರ್ಷಗಳ ಹಿಂದೆ ಓದು ಮುಗಿಸಿದವರಿಗೆ ತಿಳಿದಿರುವುದು ಇಷ್ಟೇ, ಅವರು ತಾಯಿಗೆ ಹೇಳುವುದೂ ಇಷ್ಟೇ. ಗರ್ಭಪಾತ ಕಾನೂನಿಗೆ ತಂದ ತಿದ್ದುಪಡಿ 2021ರಲ್ಲಿ ಜಾರಿಗೆ ಬಂದು, ಅಪ್ರಾಪ್ತ ವಯಸ್ಸಿನ ಹುಡುಗಿಯರೂ ಸೇರಿದಂತೆ ಕೆಲವು ವರ್ಗಗಳಿಗೆ 24 ವಾರಗಳವರೆಗೆ ಅವಕಾಶ ಕೊಟ್ಟಿತು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಇನ್ನೂ ಒಂದು ಮುಖ್ಯ ಮಾತು ಹೇಳಿತು. ಇಂಥ ಹುಡುಗಿ ಗರ್ಭಪಾತಕ್ಕೆ ಬಂದಾಗ ಅವಳೂ ಅವಳ ಪೋಷಕರೂ ಕೋರಿದರೆ, ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರನ್ನಾಗಲಿ ಗುರುತನ್ನಾಗಲಿ ಬಹಿರಂಗಪಡಿಸಬೇಕಾಗಿಲ್ಲ. ಮಾಹಿತಿ ಕೊಡುವ ಹೊಣೆ ತಪ್ಪುವುದಿಲ್ಲ, ಹೆಸರು ಮಾತ್ರ ಗುಟ್ಟಾಗಿ ಉಳಿಯುತ್ತದೆ. ಈ ಒಂದು ವಾಕ್ಯ ಗೊತ್ತಿದ್ದರೆ ತಾಯಿ ಆಸ್ಪತ್ರೆಯಲ್ಲಿ ಉಳಿಯುತ್ತಾರೆ. ಗೊತ್ತಿಲ್ಲದಿದ್ದರೆ ಮಗಳನ್ನು ಕರೆದುಕೊಂಡು ಹೊರಟುಬಿಡುತ್ತಾರೆ. ಅವರು ಮುಂದೆ ಯಾರ ಬಳಿಗೆ ಹೋಗುತ್ತಾರೆ ಎಂಬುದು ನಮಗೆಲ್ಲ ಗೊತ್ತು.

ಅಮೆರಿಕದ ಆಸ್ಪತ್ರೆಗಳಲ್ಲಿ ಸಮಾಜ ಕಾರ್ಯಕರ್ತರಿಗೆ ಜಾಗ ಸಿಕ್ಕಿದ್ದು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ, 1905ರಲ್ಲಿ. ರಿಚರ್ಡ್ ಕ್ಯಾಬಟ್ ಎಂಬ ವೈದ್ಯರು, ರೋಗಿಯ ಮನೆಯ ಸ್ಥಿತಿ ತಿಳಿಯದೆ ಔಷಧ ಬರೆದು ಪ್ರಯೋಜನವಿಲ್ಲ ಎಂದು ಕಂಡುಕೊಂಡು ಈ ಹುದ್ದೆಯನ್ನು ಸೃಷ್ಟಿಸಿದರು. ನಮ್ಮ ದೇಶದಲ್ಲಿ ಮೊದಲ ನೇಮಕ ಆದದ್ದು 1946ರಲ್ಲಿ, ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ. ಅಂದಿನಿಂದ ಕೆಲಸದ ತಿರುಳು ಬದಲಾಗಿಲ್ಲ. ಬದಲಾಗುತ್ತಲೇ ಇರುವುದು ಅದರ ಸುತ್ತಲಿನ ಕಾನೂನು, ಯೋಜನೆ, ಮೊತ್ತ ಮತ್ತು ಅರ್ಜಿ ನಮೂನೆಗಳು. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು, 2016ರ ಕಾಯ್ದೆಯಲ್ಲಿ 21 ಇವೆ. ತಲಸ್ಸೀಮಿಯಾ, ಹಿಮೋಫಿಲಿಯಾ, ಪಾರ್ಕಿನ್ಸನ್ ಕಾಯಿಲೆ ಇರುವವರು ಕೂಡ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೆ ಅರ್ಜಿ ಹಾಕಬಹುದು ಎಂದು ಅವರಿಗೆ ಹೇಳಬೇಕಾದವರು ನಾವು. ಕ್ಷಯ ರೋಗಿಗೆ ನಿಕ್ಷಯ್ ಪೋಷಣ್ ಯೋಜನೆಯಡಿ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರ್ 1ರಿಂದ ಅದು 1000 ಆಗಿದೆ. ಹಳೆಯ ಕರಪತ್ರವನ್ನೇ ಹಂಚುತ್ತಿರುವ ವಾರ್ಡಿನಲ್ಲಿ ರೋಗಿ ತನಗೆ ಬರಬೇಕಾದ ಹಣವನ್ನು ಕೇಳುವುದಕ್ಕೂ ಹೋಗುವುದಿಲ್ಲ.

ಇವುಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಆತ್ಮಹತ್ಯೆಗೆ ಯತ್ನಿಸಿ ಬಂದವರ ವಿಷಯ. ಕೀಟನಾಶಕ ಕುಡಿದ ವ್ಯಕ್ತಿಯನ್ನು ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆತಂದ ಮನೆಯವರು, ಎಷ್ಟೋ ಸಲ "ಔಷಧಿ ಹೊಡೆಯುವಾಗ ಗಾಳಿಗೆ ಬಾಯಿಗೆ ಹೋಯಿತು" ಎನ್ನುತ್ತಾರೆ. ಕೇಸು ಬೀಳುತ್ತದೆ ಎಂಬ ಭಯ ಅವರಿಗೆ. ಆ ಭಯಕ್ಕೆ ಹಿಂದೆ ಆಧಾರವೂ ಇತ್ತು, ಭಾರತೀಯ ದಂಡ ಸಂಹಿತೆಯ 309ನೇ ಸೆಕ್ಷನ್ ಆತ್ಮಹತ್ಯಾ ಯತ್ನವನ್ನು ಅಪರಾಧ ಎಂದೇ ಕರೆಯುತ್ತಿತ್ತು. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದ ಎಂದೇ ಭಾವಿಸಬೇಕು, ಅವನನ್ನು ಶಿಕ್ಷಿಸಬಾರದು ಎಂದಿತು. ಹೀಗೆಂದ ಅದರ 115ನೇ ಸೆಕ್ಷನ್, ಅಂಥವರಿಗೆ ಚಿಕಿತ್ಸೆ ಮತ್ತು ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯ ಎಂದೂ ಹೇಳುತ್ತದೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ 309ಕ್ಕೆ ಸಮನಾದ ಸೆಕ್ಷನ್ ಇಲ್ಲ. ಸರ್ಕಾರಿ ನೌಕರರ ಮೇಲೆ ಒತ್ತಡ ಹೇರಲು ಆತ್ಮಹತ್ಯೆಗೆ ಯತ್ನಿಸುವುದು ಮಾತ್ರ ಅಪರಾಧವಾಗಿ ಉಳಿದಿದೆ. ಆಸ್ಪತ್ರೆ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ದಾಖಲಿಸಿ ಠಾಣೆಗೆ ಮಾಹಿತಿ ಕಳುಹಿಸುವುದು ಈಗಲೂ ನಡೆಯುತ್ತದೆ. ಆದರೆ ಮಾಹಿತಿ ಕಳುಹಿಸುವುದೇ ಬೇರೆ, ಮೊಕದ್ದಮೆ ಹೂಡುವುದೇ ಬೇರೆ. ಈ ವ್ಯತ್ಯಾಸವನ್ನು ಮನೆಯವರಿಗೆ ಮೊದಲ ಗಂಟೆಯಲ್ಲೇ ಬಿಡಿಸಿ ಹೇಳಿದರೆ ಅವರು ಯಾವ ವಿಷ, ಎಷ್ಟು ಹೊತ್ತಾಯಿತು ಎಂಬ ನಿಜವನ್ನು ವೈದ್ಯರಿಗೆ ಹೇಳುತ್ತಾರೆ, ಬಿಡುಗಡೆಯ ನಂತರ ಮನೋವೈದ್ಯರ ಬಳಿಗೂ ಬರುತ್ತಾರೆ. ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಡಿಸ್ಚಾರ್ಜ್ ಚೀಟಿಯ ಮೇಲೆ ಬರೆದುಕೊಡುವುದಕ್ಕೆ ಅರ್ಧ ನಿಮಿಷ ಸಾಕು.

ಹೀಗೆ, ಓದು ಮುಗಿದ ಮೇಲೂ ಮುಂದುವರಿಯುವ ಕಲಿಕೆ ರೋಗಿಯ ಆರೈಕೆಯದೇ ಒಂದು ಭಾಗ. ಅದಕ್ಕೆ ಇಂದು ಎಲ್ಲರಿಗೂ ಎಟಕುವ ದಾರಿ ವೆಬಿನಾರ್. 2020ರ ಲಾಕ್‌ಡೌನ್ ಸಮಯದಲ್ಲಿ ಅವು ನಮ್ಮ ವೃತ್ತಿಯೊಳಗೆ ಪ್ರವಾಹದಂತೆ ನುಗ್ಗಿದವು, ಇಂದಿಗೂ ನಿಂತಿಲ್ಲ. ಬೆಂಗಳೂರಿಗೆ ಬರಲು ರಜೆಯೂ ಖರ್ಚೂ ಹೊಂದಿಸಲಾಗದ ತಾಲ್ಲೂಕು ಆಸ್ಪತ್ರೆಯ ಸಹೋದ್ಯೋಗಿಗಳಿಗೆ ಇದು ದೊಡ್ಡ ಉಪಕಾರ. ಆದರೂ ಬಹುಪಾಲು ಕಾರ್ಯಕ್ರಮಗಳ ರೂಪ ನನಗೆ ತೃಪ್ತಿ ಕೊಟ್ಟಿಲ್ಲ. ಒಂದು ಗಂಟೆಯಲ್ಲಿ ಸ್ವಾಗತ ಮತ್ತು ಅತಿಥಿಯ ಪರಿಚಯಕ್ಕೇ ಕಾಲು ಗಂಟೆ ಹೋಗುತ್ತದೆ. ನಂತರ ಪಠ್ಯಪುಸ್ತಕದ ವ್ಯಾಖ್ಯೆಗಳಿಂದ ಶುರುವಾಗುವ ಸ್ಲೈಡುಗಳು. ಪ್ರಶ್ನೋತ್ತರಕ್ಕೆ ಐದು ನಿಮಿಷ ಉಳಿದರೆ ಹೆಚ್ಚು. ನೂರಾರು ಜನ ಕ್ಯಾಮೆರಾ ಆರಿಸಿ ಕುಳಿತಿರುತ್ತಾರೆ, ಅವರಲ್ಲಿ ಅನೇಕರು ಹೊರರೋಗಿ ವಿಭಾಗದಲ್ಲಿ ಕೆಲಸ ಮಾಡುತ್ತಲೇ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡವರು. ಕೊನೆಯಲ್ಲಿ ಅಭಿಪ್ರಾಯದ ಫಾರಂ ತುಂಬಿದವರಿಗೆ ಪ್ರಮಾಣಪತ್ರ ಬರುತ್ತದೆ. ಮರುದಿನ ವಾರ್ಡಿನಲ್ಲಿ ಏನು ಬದಲಾಯಿತು ಎಂದು ಯಾರೂ ಕೇಳುವುದಿಲ್ಲ.

ಉಪನ್ಯಾಸವೇ ಬೇಡ ಎನ್ನುತ್ತಿಲ್ಲ. ಕಾನೂನು ಬದಲಾಯಿತು, ಯೋಜನೆಯ ಮೊತ್ತ ಬದಲಾಯಿತು ಎಂಬಂಥ ವಿಷಯಕ್ಕೆ ಉಪನ್ಯಾಸ ಸಾಕು. ನಲವತ್ತು ನಿಮಿಷ, ಜೊತೆಗೆ ಕನ್ನಡದಲ್ಲಿ ಒಂದು ಪುಟದ ಟಿಪ್ಪಣಿ. ಆದರೆ ಮಾತನಾಡುವ ಕೌಶಲ, ಕುಟುಂಬದ ಸಭೆ ನಡೆಸುವ ರೀತಿ, ಇಕ್ಕಟ್ಟಿನಲ್ಲಿ ನಿರ್ಧಾರ ತೆಗೆದುಕೊಳ್ಳುವ ಬಗೆ ಇವು ಸ್ಲೈಡಿನಿಂದ ಬರುವುದಿಲ್ಲ. ಇವುಗಳಿಗೆ ಬೇಕಾದದ್ದು ಪ್ರಕರಣ ಆಧಾರಿತ ಸಣ್ಣ ಗುಂಪು.

ಆ ಮಾದರಿಯೂ ನಮ್ಮ ಮುಂದಿದೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ 2003ರಲ್ಲಿ ಪ್ರಾಜೆಕ್ಟ್ ಎಕೋ ಆರಂಭಿಸಿದರು. ಹೆಪಟೈಟಿಸ್ ಸಿ ರೋಗಿಗಳು ತಜ್ಞರನ್ನು ಕಾಣಲು ತಿಂಗಳುಗಟ್ಟಲೆ ಕಾಯುತ್ತಿದ್ದರು. ರೋಗಿಯನ್ನು ನಗರಕ್ಕೆ ಕರೆಸುವ ಬದಲು ಹಳ್ಳಿಯ ವೈದ್ಯರನ್ನೇ ವೀಡಿಯೊ ಮೂಲಕ ತಜ್ಞರ ಜೊತೆ ಕೂರಿಸಿ, ಅವರ ರೋಗಿಗಳ ಬಗ್ಗೆಯೇ ಚರ್ಚಿಸುತ್ತಾ ಕಲಿಸಿದರು. ಬೆಂಗಳೂರಿನ ನಿಮ್ಹಾನ್ಸ್ ಈ ವಿಧಾನವನ್ನು ಮಾನಸಿಕ ಆರೋಗ್ಯ ಮತ್ತು ವ್ಯಸನ ಚಿಕಿತ್ಸೆಯ ತರಬೇತಿಗೆ ಅಳವಡಿಸಿಕೊಂಡಿತು.

ಇಂಥ ಸಭೆ ಹೇಗೆ ನಡೆಯಬೇಕೆಂದು ಕೇಳಿದರೆ ನನ್ನ ಉತ್ತರ ಸರಳ. ಒಬ್ಬರು ಒಂದು ಪುಟದಲ್ಲಿ ಪ್ರಕರಣವನ್ನು ಬರೆದು ತರಲಿ, ಕೊನೆಯ ಸಾಲಿನಲ್ಲಿ "ನಾನು ಸಿಕ್ಕಿಹಾಕಿಕೊಂಡಿರುವುದು ಇಲ್ಲಿ" ಎಂದು ಒಂದೇ ಪ್ರಶ್ನೆ ಇರಲಿ. ಉಳಿದವರು ಮೊದಲ ಹತ್ತು ನಿಮಿಷ ಸಲಹೆ ಕೊಡದೆ ಪ್ರಶ್ನೆಗಳನ್ನಷ್ಟೇ ಕೇಳಲಿ. ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ? ಊರಿನಿಂದ ಬಸ್ ಎಷ್ಟು ಹೊತ್ತಿಗೆ? ಗಂಡ ಯಾಕೆ ಇನ್ನೂ ಬಂದಿಲ್ಲ? ಮಾತ್ರೆ ನಿಲ್ಲಿಸಿದ ರೋಗಿಯನ್ನು "ಸಹಕರಿಸುವುದಿಲ್ಲ" ಎಂದು ಬರೆದಿದ್ದವರಿಗೆ, ಈ ಪ್ರಶ್ನೆಗಳ ನಡುವೆ, ಮಾತ್ರೆ ಕೊಡುವ ದಿನವೇ ರೋಗಿಯ ಕೂಲಿ ಹೋಗುತ್ತದೆ ಎಂಬುದು ಕಾಣುತ್ತದೆ. ತಜ್ಞರು ಕೊನೆಗೆ ಮಾತನಾಡಲಿ. ಮುಂದಿನ ಸಭೆಯ ಮೊದಲ ಐದು ನಿಮಿಷ, ಹಿಂದಿನ ಪ್ರಕರಣ ಏನಾಯಿತು ಎಂಬುದಕ್ಕೆ ಮೀಸಲಿರಲಿ. ಇದೊಂದನ್ನು ಕೈಬಿಟ್ಟರೆ ಉಳಿದದ್ದೆಲ್ಲ ಹರಟೆಯಾಗಿ ಉಳಿಯುತ್ತದೆ.

ಗೌಪ್ಯತೆಯ ಬಗ್ಗೆ ನಾನು ತುಂಬಾ ಕಟ್ಟುನಿಟ್ಟು. ಹೆಸರು ತೆಗೆದುಹಾಕಿದರೆ ಸಾಕು ಎಂದು ಅನೇಕರು ಭಾವಿಸುತ್ತಾರೆ. ಸಣ್ಣ ಜಿಲ್ಲೆಯಲ್ಲಿ ತಾಲ್ಲೂಕು, ಜಾತಿ, ಕಸುಬು, ಮಕ್ಕಳ ಸಂಖ್ಯೆ ಹೇಳಿದರೆ ಹೆಸರು ಹೇಳಿದಂತೆಯೇ, ಅದೇ ಜಿಲ್ಲೆಯ ಸಹೋದ್ಯೋಗಿ ಪರದೆಯ ಆಚೆ ಕುಳಿತಿರುತ್ತಾರೆ. ಎಚ್ಐವಿ ಕಾಯ್ದೆ ಮತ್ತು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಎರಡೂ ರೋಗಿಗೆ ಗೌಪ್ಯತೆಯ ಹಕ್ಕು ಕೊಟ್ಟಿವೆ. ಪ್ರಕರಣ ಚರ್ಚೆಯ ಭಾಗವನ್ನು ರೆಕಾರ್ಡ್ ಮಾಡಲೇಬಾರದು. ಪರದೆಯ ಚಿತ್ರ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದನ್ನು ಮೊದಲೇ ನಿಷೇಧಿಸಬೇಕು.

ಅಭ್ಯಾಸವಿಲ್ಲದೆ ಬರುವುದೇ ಇಲ್ಲ ಎನ್ನಬಹುದಾದ ಒಂದು ಕೆಲಸವೆಂದರೆ ಐಸಿಯು ಹೊರಗಿನ ಮಾತುಕತೆ. 2018ರಲ್ಲಿ ಸುಪ್ರೀಂ ಕೋರ್ಟ್ ಘನತೆಯಿಂದ ಸಾಯುವುದು ಸಂವಿಧಾನದ 21ನೇ ವಿಧಿಯ ಭಾಗ ಎಂದಿತು. 2023ರ ಜನವರಿಯಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಮುಂಗಡ ವೈದ್ಯಕೀಯ ನಿರ್ದೇಶನವನ್ನು (ಮುಂದೆ ತಾನೇ ಹೇಳಲಾಗದ ಸ್ಥಿತಿ ಬಂದರೆ ಎಂಥ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಪತ್ರವನ್ನು) ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಜೀವರಕ್ಷಕ ಚಿಕಿತ್ಸೆ ನಿಲ್ಲಿಸಬಹುದೇ ಎಂದು ನೋಡುವ ಆಸ್ಪತ್ರೆಯ ಮೊದಲ ಮಂಡಳಿಯಲ್ಲಿ ಚಿಕಿತ್ಸೆ ನೀಡುತ್ತಿರುವ ವೈದ್ಯರ ಜೊತೆ ಇಬ್ಬರು ತಜ್ಞರು ಇರುತ್ತಾರೆ, ಎರಡನೆಯ ಮಂಡಳಿ ಅದನ್ನು ಮತ್ತೆ ಪರಿಶೀಲಿಸುತ್ತದೆ. 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಜಾರಿಗೊಳಿಸುವ ಸುತ್ತೋಲೆ ಹೊರಡಿಸಿತು. ಮಂಡಳಿಗಳ ವಿಷಯ ವೈದ್ಯರು ನೋಡಿಕೊಳ್ಳುತ್ತಾರೆ. ಆದರೆ ಬೆಂಚಿನ ಮೇಲೆ ಕುಳಿತ ಹಿರಿಯ ಮಗ "ವೆಂಟಿಲೇಟರ್ ತೆಗೆಯಿರಿ ಎಂದು ಸಹಿ ಮಾಡಿದರೆ ಅಪ್ಪನನ್ನು ನಾನೇ ಕೊಂದ ಹಾಗೆ ಆಗುವುದಿಲ್ಲವೇ ಮೇಡಂ?" ಎಂದು ಕೇಳುವುದು ನಮ್ಮನ್ನು.

ಕಿರಿಯರಿಗಾಗಿ ಆನ್‌ಲೈನ್‌ನಲ್ಲಿ ನಡೆಸುವ ತರಬೇತಿಯಲ್ಲಿ ನಾನು ಇದೇ ವಾಕ್ಯವನ್ನು ಕೊಡುತ್ತೇನೆ. ಮೂರು ಮೂರು ಜನರ ಗುಂಪು ಮಾಡುತ್ತೇವೆ. ಒಬ್ಬರು ಮಗ, ಒಬ್ಬರು ಸಮಾಜ ಕಾರ್ಯಕರ್ತೆ, ಒಬ್ಬರು ನೋಡುವವರು. ಬಹುತೇಕ ಎಲ್ಲರೂ ತಕ್ಷಣ ಸುಪ್ರೀಂ ಕೋರ್ಟಿನ ತೀರ್ಪನ್ನು ವಿವರಿಸಲು ತೊಡಗುತ್ತಾರೆ. ಮಗ ಕೇಳಿದ್ದು ಕಾನೂನನ್ನಲ್ಲ. ದುಃಖದ ಸುದ್ದಿ ತಿಳಿಸಲು ಸ್ಪೈಕ್ಸ್ ಎಂಬ ಆರು ಹಂತಗಳ ಕ್ರಮವಿದೆ. ಅದರಲ್ಲಿ, ಎದುರಿನವರಿಗೆ ಈಗಾಗಲೇ ಏನು ಗೊತ್ತಿದೆ, ಇನ್ನೆಷ್ಟು ತಿಳಿಯಲು ಅವರು ಸಿದ್ಧರಿದ್ದಾರೆ ಎಂದು ವಿಚಾರಿಸಿದ ಮೇಲೆಯೇ ಮಾಹಿತಿ ಕೊಡಬೇಕು. "ಅಪ್ಪ ಇಂಥ ಸ್ಥಿತಿಯ ಬಗ್ಗೆ ಎಂದಾದರೂ ಏನಾದರೂ ಹೇಳಿದ್ದರಾ?" ಎಂದು ಕೇಳಿ ಸುಮ್ಮನಿದ್ದರೆ ಮಗ ತಾನಾಗಿಯೇ ಮಾತನಾಡುತ್ತಾನೆ. ಹಾಗೆ ಸುಮ್ಮನಿರುವುದನ್ನು ಕಲಿಯಲು ಎರಡು ಮೂರು ಸುತ್ತು ಬೇಕಾಗುತ್ತದೆ. ಈ ಅಭ್ಯಾಸ ಕನ್ನಡದಲ್ಲೇ ನಡೆಯಬೇಕು. ಇಂಗ್ಲಿಷ್ ಸ್ಲೈಡುಗಳಲ್ಲಿ ಕಲಿತ ಸಾಂತ್ವನದ ವಾಕ್ಯಗಳನ್ನು ಕೊಪ್ಪಳದಿಂದಲೋ ಚಾಮರಾಜನಗರದಿಂದಲೋ ಬಂದ ಕುಟುಂಬದ ಎದುರು ನೆನಪಿಸಿಕೊಂಡು ಹೇಳಲು ಹೊರಟವರು ತಡವರಿಸುತ್ತಾರೆ.

ಇನ್ನು ಕಡ್ಡಾಯದ ಮಾತು. ಅಮೆರಿಕದಲ್ಲಿ ಸಮಾಜ ಕಾರ್ಯಕರ್ತರ ಪರವಾನಗಿ ನವೀಕರಣಕ್ಕೆ ಇಂತಿಷ್ಟು ಗಂಟೆಗಳ ಕಲಿಕೆ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷಕ್ಕೆ 36 ಗಂಟೆ, ನ್ಯೂಯಾರ್ಕ್‌ನಲ್ಲಿ ಮೂರು ವರ್ಷಕ್ಕೆ 36 ಗಂಟೆ. ಅಲ್ಲಿನ ವೆಬಿನಾರ್ ಉದ್ಯಮ ನಿಂತಿರುವುದೇ ಈ ನಿಯಮದ ಮೇಲೆ. ನಮ್ಮಲ್ಲಿ 2021ರ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆಯ ಅನುಸೂಚಿ, ವೈದ್ಯಕೀಯ ಹಾಗೂ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ಆರೋಗ್ಯ ವೃತ್ತಿಪರರ ಪಟ್ಟಿಗೆ ಸೇರಿಸಿದೆ. ವೃತ್ತಿಗೆ ಇದು ಬಹಳ ಕಾಲದಿಂದ ಬೇಕಾಗಿದ್ದ ಮನ್ನಣೆ. ನೋಂದಣಿಯ ಹಿಂದೆಯೇ ಕಲಿಕೆಯ ಗಂಟೆಗಳ ಪ್ರಶ್ನೆ ಒಂದು ದಿನ ಬರಬಹುದು. ಬರಲಿ, ಸ್ವಾಗತ. ಆದರೆ ಗಂಟೆಗಳನ್ನು ಮಾತ್ರ ಎಣಿಸಿದರೆ ಪ್ರಮಾಣಪತ್ರಗಳ ಮಾರುಕಟ್ಟೆ ಬೆಳೆಯುತ್ತದೆ. ಸ್ವಂತ ಪ್ರಕರಣ ಮಂಡಿಸಿ ಚರ್ಚೆಗೆ ಒಡ್ಡಿಕೊಂಡ ಒಂದು ಗಂಟೆಗೆ, ಕೇಳಿಸಿಕೊಂಡ ಮೂರು ಗಂಟೆಯಷ್ಟು ಬೆಲೆ ಸಿಗಬೇಕೆಂಬುದು ನನ್ನ ವಾದ.

1985ರಲ್ಲಿ ಬಳ್ಳಾರಿಯಲ್ಲಿ ನಿಮ್ಹಾನ್ಸ್ ಮಾಡಿದ ಪ್ರಯೋಗ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇಂದು ಆ ತಂಡಗಳಲ್ಲಿರುವ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ತಾಲ್ಲೂಕಿನಿಂದ ತಾಲ್ಲೂಕಿಗೆ ಓಡಾಡುತ್ತಾರೆ, ಜಿಲ್ಲೆಯಲ್ಲಿ ಆ ಕೆಲಸಕ್ಕೆ ಹೆಚ್ಚಾಗಿ ಅವರು ಒಬ್ಬರೇ. ಕಷ್ಟದ ಸಂದರ್ಶನ ಮುಗಿಸಿ ಬಂದಾಗ ಪಕ್ಕದ ಮೇಜಿನಲ್ಲಿ ಅದೇ ವೃತ್ತಿಯ ಹಿರಿಯರು ಇರುವುದಿಲ್ಲ. ತಿಂಗಳಿಗೆರಡು ಆನ್‌ಲೈನ್ ಪ್ರಕರಣ ಸಭೆಗಳೇ ಅವರಿಗೆ ಸಿಗುವ ಮಾರ್ಗದರ್ಶನ. ಅದನ್ನು ರಾತ್ರಿ ಎಂಟು ಗಂಟೆಗೆ ಇಡುವುದು ಅನ್ಯಾಯ. ನಮ್ಮ ವೃತ್ತಿಯಲ್ಲಿ ಮಹಿಳೆಯರು ಬಹಳ ಮಂದಿ, ಆ ಹೊತ್ತಿನಲ್ಲಿ ಅವರ ಮನೆಯಲ್ಲಿ ಅಡುಗೆಯೂ ಮಕ್ಕಳ ಓದೂ ಕಾಯುತ್ತಿರುತ್ತವೆ. ಆಸ್ಪತ್ರೆಯ ಆಡಳಿತ ವೈದ್ಯರ ಸಮ್ಮೇಳನಕ್ಕೆ ಕೊಡುವ ಹಾಗೆ ಇದಕ್ಕೂ ಕರ್ತವ್ಯದ ಅವಧಿಯಲ್ಲೇ ಸಮಯ ಕೊಡಬೇಕು, ಬಾಗಿಲು ಮುಚ್ಚಬಹುದಾದ ಒಂದು ಕೊಠಡಿಯನ್ನೂ ಕೊಡಬೇಕು. ಹೊರರೋಗಿಗಳ ಸಂದಣಿ ಇಳಿಯುವ ಮಧ್ಯಾಹ್ನ ಎರಡೂವರೆಯ ಹೊತ್ತು ಹೆಚ್ಚಿನ ಕಡೆ ಅನುಕೂಲ.

ಕಾರ್ಯಕ್ರಮ ಆಯೋಜಿಸುವವರಲ್ಲಿ ಇನ್ನೊಂದು ಕೋರಿಕೆ. ನೀವು ಹಂಚುವ ಪ್ರತಿ ಟಿಪ್ಪಣಿಯ ತಲೆಯ ಮೇಲೆ ಅದು ಯಾವ ದಿನಾಂಕದವರೆಗಿನ ಮಾಹಿತಿ ಎಂದು ನಮೂದಿಸಿ. ಸರ್ಕಾರದ ಚಿಕಿತ್ಸಾ ನೆರವಿನ ಯೋಜನೆಯಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ಗರಿಷ್ಠ 1.5 ಲಕ್ಷ ಎಂಬ ವಿವರ ಯೋಜನೆ ಆರಂಭವಾದ 2018ರದು. ಇಂಥ ಅಂಕಿಗಳನ್ನು ರೋಗಿಗೆ ಹೇಳುವ ಮೊದಲು ಆಸ್ಪತ್ರೆಯ ಆರೋಗ್ಯಮಿತ್ರರ (ಯೋಜನೆಯ ಬಗ್ಗೆ ರೋಗಿಗಳಿಗೆ ನೆರವಾಗುವ ಸಿಬ್ಬಂದಿಯ) ಬಳಿ ಖಚಿತಪಡಿಸಿಕೊಳ್ಳಿ ಎಂಬ ಸಾಲೂ ಆ ಟಿಪ್ಪಣಿಯಲ್ಲಿರಲಿ, ವಾರ್ಡಿನ ನರ್ಸ್‌ಗಳಿಗೂ ಅದರ ಒಂದು ಪ್ರತಿ ತಲುಪಲಿ. ರಾತ್ರಿ ಪಾಳಿಯಲ್ಲಿ ರೋಗಿಯ ಮನೆಯವರು ಪ್ರಶ್ನೆ ಕೇಳುವುದು ಅವರನ್ನು.