ಬೀದರ್ ಥಂಡಿಯಲ್ಲಿ ಗ್ಯಾಸ್ ಗೀಸರ್ ಕೈಕೊಟ್ಟಾಗ

ಡಿಸೆಂಬರ್ ಬಂದರೆ ಬೀದರ್‌ನಲ್ಲಿ ಗೀಸರ್ ರಿಪೇರಿಯವರಿಗೆ ಬಿಡುವಿರುವುದಿಲ್ಲ. ಊರು ಇರುವುದು 2,200 ಅಡಿಗೂ ಎತ್ತರದಲ್ಲಿ, ಬೆಳಗಿನ ಥಂಡಿ ಜಾಸ್ತಿ. ಬಿಸಿನೀರಿಲ್ಲದೆ ಜಳಕ ಆಗುವುದಿಲ್ಲ. ಗೀಸರ್ ಹೊತ್ತದಿದ್ದರೆ ಮೊದಲು ಬೈಸಿಕೊಳ್ಳುವುದು ಸಿಲಿಂಡರ್. ಆದರೆ ಎಷ್ಟೋ ಸಲ ತೊಂದರೆ ಇರುವುದು ನೀರಿನಲ್ಲಿ, ಇಲ್ಲವೇ ಗಾಳಿಯಲ್ಲಿ.

ನಲ್ಲಿ ತಿರುಗಿಸಿದಾಗ ಹರಿಯುವ ನೀರು ಒಳಗಿನ ರಬ್ಬರ್ ಪೊರೆಯನ್ನು ಒತ್ತುತ್ತದೆ. ಆ ಒತ್ತಡಕ್ಕೆ ಸ್ವಿಚ್ ಆನ್ ಆಗುತ್ತದೆ. ಆಮೇಲಷ್ಟೇ ಕಿಡಿ, ಆಮೇಲಷ್ಟೇ ಗ್ಯಾಸ್. ಹಾಗಾಗಿ ಟಿಕ್ ಟಿಕ್ ಸದ್ದೇ ಬರದಿದ್ದರೆ ಟಾಕಿಯಲ್ಲಿ ನೀರು ಎಷ್ಟಿದೆ ನೋಡಿ. ನೀರು ಒಳಹೋಗುವ ಕಡೆಯ ಜಾಲರಿಯಲ್ಲಿ ಕಸ ಕಟ್ಟಿದೆಯೇ ನೋಡಿ. ಎರಡು ದಪ್ಪ ಸೆಲ್‌ಗಳನ್ನು ಬದಲಿಸಿ. ಥಂಡಿಯಲ್ಲಿ ಹಳೆ ಸೆಲ್‌ನ ಶಕ್ತಿ ಇನ್ನೂ ಕುಗ್ಗುತ್ತದೆ. ಸದ್ದು ಬಂದೂ ಹೊತ್ತದಿದ್ದರೆ, ಹೊಸ ಸಿಲಿಂಡರ್ ಜೋಡಿಸಿದಾಗ ಪೈಪಿನಲ್ಲಿ ಗಾಳಿ ಸೇರಿರಬಹುದು. ಎರಡು ಮೂರು ಸಲ ನಲ್ಲಿ ತೆರೆದು ಮುಚ್ಚಿದರೆ ಅದು ಹೋಗುತ್ತದೆ. ಗ್ಯಾಸ್ ವಾಸನೆ ಬಂದರೆ ಮಾತ್ರ ಪ್ರಯತ್ನ ಅಲ್ಲಿಗೇ ನಿಲ್ಲಿಸಿ, ಸಿಲಿಂಡರ್ ಬಂದ್ ಮಾಡಿ.

ಬೋರ್‌ವೆಲ್ ನೀರು ಗಡಸಾಗಿದ್ದರೆ ತಾಮ್ರದ ಕೊಳವೆಯೊಳಗೆ ಸುಣ್ಣ ಕಟ್ಟುತ್ತದೆ. ಆಗ ನೀರಿನ ಧಾರೆ ಸಣ್ಣಗಾಗುತ್ತದೆ. ಇದನ್ನು ಮೆಕ್ಯಾನಿಕ್‌ಗೇ ಬಿಡಿ.

ಉರಿ ಹಳದಿಯಾಗಿದ್ದರೆ? ಇದನ್ನು ಯಾರೂ ದೂರಾಗಿ ಹೇಳುವುದಿಲ್ಲ, ನೀರಂತೂ ಬಿಸಿಯಾಗುತ್ತಿರುತ್ತದೆ ಅಲ್ವಾ! ನನಗೆ ಹೆದರಿಕೆ ಇರುವುದು ಇದರದ್ದೇ. ಗ್ಯಾಸ್ ಪೂರ್ತಿ ಉರಿದರೆ ಜ್ವಾಲೆ ನೀಲಿ. ಬರ್ನರ್‌ನಲ್ಲಿ ಧೂಳು ತುಂಬಿದಾಗ, ಗಾಳಿ ಸಾಲದಾದಾಗ ಅದು ಅರೆಬರೆ ಉರಿದು ಹಳದಿಯಾಗುತ್ತದೆ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಹುಟ್ಟುತ್ತದೆ.

ಒಂದು ಲೆಕ್ಕ ನೋಡಿ. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗೀಸರ್ ಸುಮಾರು 12 ಕಿಲೋವಾಟ್ ಶಾಖ ಕೊಡುತ್ತದೆ. ಅದಕ್ಕೆ 15 ನಿಮಿಷಕ್ಕೆ ಸುಮಾರು ಕಾಲು ಕಿಲೋ ಗ್ಯಾಸ್ ಬೇಕು. ಅಷ್ಟು ಗ್ಯಾಸ್ ಉರಿಯಲು ಹತ್ತಿರ ಹತ್ತಿರ 3 ಘನ ಮೀಟರ್ ಗಾಳಿ ಬೇಕು. ಐದು ಅಡಿ ಅಗಲ, ಆರು ಅಡಿ ಉದ್ದ, ಎಂಟು ಅಡಿ ಎತ್ತರದ ಬಚ್ಚಲಲ್ಲಿ ಇರುವುದೇ 7 ಘನ ಮೀಟರ್‌ಗಿಂತ ಕಡಿಮೆ. ಥಂಡಿ ಅಂತ ಕಿಟಕಿಗೆ ರಟ್ಟು ಹಚ್ಚಿ, ಬಾಗಿಲು ಹಾಕಿಕೊಂಡವರ ಜೊತೆ ಗೀಸರೂ ಅದೇ ಗಾಳಿಯನ್ನು ಉಸಿರಾಡುತ್ತಿರುತ್ತದೆ.

ಸಿಲಿಂಡರ್ ಗ್ಯಾಸ್‌ಗೆ ವಾಸನೆ ಬೆರೆಸಿರುತ್ತಾರೆ, ಸೋರಿದರೆ ಗೊತ್ತಾಗುತ್ತದೆ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ. ಆಮೇಲೆ ಕೈಕಾಲಿನ ಬಲ ಹೋಗುತ್ತದೆ, ಚಿಲಕ ತೆಗೆಯಲೂ ಆಗದಷ್ಟು.

ಹಲವು ಗೀಸರ್‌ಗಳು 20 ನಿಮಿಷಕ್ಕೆ ತಾವಾಗಿ ಆರುತ್ತವೆ. ಅದು ಕೆಟ್ಟದ್ದಲ್ಲ, ಕಾವಲು. ಸುಮ್ನೆ ಮತ್ತೆ ಹೊತ್ತಿಸಬೇಡಿ. ಗೀಸರ್ ಬಚ್ಚಲಿನ ಹೊರಗೆ, ಗಾಳಿ ಓಡಾಡುವ ಕಡೆ ಇರಲಿ, ಒಳಗೆ ಪೈಪಿನಲ್ಲಿ ನೀರು ಮಾತ್ರ ಬರಲಿ. ಅಲ್ಲಿಯವರೆಗೆ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಗಾಳಿ ಬದಲಾದ ಮೇಲೆ ಜಳಕಕ್ಕೆ ಹೋಗಿ. ಕಿಟಕಿಯ ರಟ್ಟು ಇವತ್ತೇ ಕೀಳಿ.

ಒಳಗೆ ಯಾರಾದರೂ ಬಿದ್ದಿದ್ದರೆ ಬಾಗಿಲು ಒಡೆದು ಹೊರಗಿನ ಗಾಳಿಗೆ ತನ್ನಿ, ಸಿಲಿಂಡರ್ ಬಂದ್ ಮಾಡಿ, ದವಾಖಾನೆಗೆ ಒಯ್ಯಿರಿ. ಅಲ್ಲಿ ಗೀಸರ್ ಹಚ್ಚಿತ್ತೆಂದು ಮೊದಲೇ ಹೇಳಿ. ಬೆರಳಿಗೆ ಸಿಕ್ಕಿಸುವ ಮಾಮೂಲಿ ಆಕ್ಸಿಮೀಟರ್‌ಗೆ ಈ ವಿಷ ಮತ್ತು ಆಮ್ಲಜನಕದ ವ್ಯತ್ಯಾಸ ತಿಳಿಯುವುದಿಲ್ಲ. ಅದರಲ್ಲಿ 98 ಅಂತ ತೋರಿಸಿದರೂ ರಕ್ತ ಪರೀಕ್ಷೆ ಬೇಕು, ಆಮ್ಲಜನಕ ತಡಮಾಡದೆ ಕೊಡಬೇಕು.