ಯುದ್ಧ ಬಂದಾಗ ದುಡ್ಡಿರೋರ ಮಕ್ಳು ಹೆಂಗೆ ತಪ್ಪಿಸ್ಕೊತಿದ್ರು?

ಪ್ರಶ್ನೆ: ಕಡ್ಡಾಯ ಸೇನಾ ಸೇವೆ ಅಂದ್ಮೇಲೆ ಎಲ್ರೂ ಹೋಗ್ಲೇಬೇಕಲ್ವಾ? ಹೋಗ್ತಿದ್ದಿದ್ದು ಬಡವ್ರು ಮಾತ್ರ ಅಂತಾರಲ್ಲ, ನಿಜಾನಾ?

ಉತ್ತರ: ಬಡವ್ರು ಮಾತ್ರ ಅನ್ನೋದು ಪೂರ್ತಿ ನಿಜ ಅಲ್ಲ, ಆದ್ರೆ ತಪ್ಪಿಸ್ಕೊಳ್ಳೋ ದಾರಿನ ಕಾನೂನಲ್ಲೇ ಬರೆದಿಟ್ಟಿದ್ದ ಕಾಲ ಇತ್ತು. 1793ರಲ್ಲಿ ಫ್ರಾನ್ಸಿನ ಕ್ರಾಂತಿ ಸರ್ಕಾರ 18ರಿಂದ 25 ವರ್ಷದ ಮದ್ವೆ ಆಗದ ಗಂಡಸ್ರನ್ನೆಲ್ಲ ಕರೀತು, ಬದ್ಲಿ ಆಳು ಕಳ್ಸಂಗಿಲ್ಲ ಅಂತಾನೂ ಹೇಳ್ತು. ನೆಪೋಲಿಯನ್ ಆಳ್ವಿಕೇಲಿ ದುಡ್ಡು ಕೊಟ್ಟು ಬದ್ಲಿ ಆಳು ಕಳ್ಸೋಕೆ ಅವಕಾಶ ಆಯ್ತು.

ಅಮೆರಿಕದ ಅಂತರ್ಯುದ್ಧದಲ್ಲಂತೂ ಮುಚ್ಚುಮರೆನೇ ಇಲ್ಲ. ಉತ್ತರದ ರಾಜ್ಯಗಳ 1863ರ ಕಾನೂನು ಪ್ರಕಾರ ಚೀಟೀಲಿ ಹೆಸ್ರು ಬಂದ್ರೆ 300 ಡಾಲರ್ ಕಟ್ಟು, ಇಲ್ಲಾ ನಿನ್ ಬದ್ಲು ಒಬ್ಬನ್ನ ಹುಡ್ಕಿ ಕಳ್ಸು, ಮುಗೀತು. 300 ಡಾಲರ್ ಅಂದ್ರೆ ಕೂಲಿಯವ್ನ ಹತ್ರತ್ರ ಒಂದು ವರ್ಷದ ದುಡಿಮೆ! ಆ ಜುಲೈನಲ್ಲಿ ನ್ಯೂಯಾರ್ಕ್‌ನಲ್ಲಿ ಜನ ಚೀಟಿ ಎತ್ತೋ ಆಫೀಸಿಗೇ ಬೆಂಕಿ ಇಟ್ರು, ಆಮೇಲೆ ಆ ಸಿಟ್ಟು ಏನೂ ತಪ್ಪು ಮಾಡ್ದಿರೋ ಕಪ್ಪು ಜನರ ಮೇಲೆ ತಿರುಗ್ತು, ನೂರಕ್ಕೂ ಜಾಸ್ತಿ ಜನ ಸತ್ರು. 150 ಡಾಲರ್ ಕೊಟ್ಟು ಬದ್ಲಿ ಆಳು ಕಳ್ಸಿದ್ದ ಗ್ರೋವರ್ ಕ್ಲೀವ್‌ಲ್ಯಾಂಡ್ ಮುಂದೆ ಎರಡ್ ಸಲ ಅಧ್ಯಕ್ಷ ಆದ್ರು.

ಅಮೆರಿಕದ 1917ರ ಕಾನೂನಲ್ಲಿ ಈ ದುಡ್ಡಿನ ದಾರಿ ಮುಚ್ಚಿದ್ರು. ಆದ್ರೆ ವಿಯೆಟ್ನಾಂ ಯುದ್ಧದ ಹೊತ್ತಿಗೆ ಕಾಲೇಜಲ್ಲಿ ಓದ್ತಿದೀನಿ ಅಂದ್ರೆ ವಿನಾಯ್ತಿ, ಫೀಸ್ ಕಟ್ಟಕ್ಕಾಗೋದು ಯಾರಿಗೆ ಅಂತ ಬಿಡಿಸಿ ಹೇಳ್ಬೇಕಾ!

ಇದು ಅನ್ಯಾಯ ಅಂತ ಗಲಾಟೆ ಜಾಸ್ತಿ ಆದ್ಮೇಲೆ 1969ರ ಡಿಸೆಂಬರ್ 1ಕ್ಕೆ ಲಾಟರಿ ಇಟ್ರು. ವರ್ಷದ 366 ತಾರೀಕನ್ನೂ ಚೀಟೀಲಿ ಬರ್ದು, ನೀಲಿ ಪ್ಲಾಸ್ಟಿಕ್ ಕ್ಯಾಪ್ಸೂಲ್ ಒಳಗೆ ಹಾಕಿ, ದೊಡ್ಡ ಗಾಜಿನ ಜಾಡೀಲಿ ಸುರಿದು, ಟೀವಿ ಮುಂದೆನೇ ಒಂದೊಂದಾಗಿ ಎತ್ತಿದ್ರು, ಮೊದ್ಲು ಬಂದಿದ್ದು ಸೆಪ್ಟೆಂಬರ್ 14. ಅವತ್ತು ಹುಟ್ಟಿದ ಹುಡುಗ್ರಿಗೆ ಮೊದಲ ಕರೆ, ಹಂಗೇ ಆ ಸಲ 195ನೇ ನಂಬರ್‌ವರೆಗೂ ಕರೆ ಹೋಯ್ತು. ಇಲ್ಲಾದ್ರೂ ನ್ಯಾಯ ಸಿಕ್ತಾ ಅಂದ್ರೆ, ಕ್ಯಾಪ್ಸೂಲುಗಳನ್ನ ಜನವರಿಯಿಂದ ತಿಂಗಳ ಲೆಕ್ಕದಲ್ಲೇ ಸೇರಿಸ್ಕೊಂಡು ಬಂದಿದ್ರು, ಸರಿಯಾಗಿ ಕಲಸೇ ಇರ್ಲಿಲ್ಲ, ವರ್ಷದ ಕೊನೆ ತಿಂಗಳುಗಳು ಬೇಗ ಬೇಗ ಕೈಗೆ ಸಿಕ್ವು. ಡಿಸೆಂಬರ್‌ನ 31 ದಿನದಲ್ಲಿ 26 ದಿನ ಮೊದಲ ಅರ್ಧದಲ್ಲೇ ಬಂದ್ಬಿಟ್ವು! ದುಡ್ಡಿನ ಭೇದ ತೆಗೆಯಕ್ಕೆ ಹೋಗಿ ಡಿಸೆಂಬರ್‌ನಲ್ಲಿ ಹುಟ್ಟಿದೋರಿಗೆ ಬತ್ತಿ ಇಟ್ರು ನೋಡಿ. ಮಾರನೇ ವರ್ಷ ತಾರೀಕಿಗೊಂದು, ನಂಬರಿಗೊಂದು ಅಂತ ಎರಡು ಡ್ರಮ್ ತಂದಿಟ್ಕೊಂಡ್ರು.